ಗೆರೆಯಲ್ಲ, ಅಗಲ ನೋಡಿ

ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದರೆ ಅದರ ನಕ್ಷೆ ಈಗ ನಮ್ಮ ಮೊಬೈಲಿಗೂ ಬರುತ್ತದೆ. ಎಲ್ಲರ ಕಣ್ಣು ನಡುವಿನ ಗೆರೆಯ ಮೇಲೆಯೇ.

ಈ ಗೆರೆ ಕಂಪ್ಯೂಟರ್ ಲೆಕ್ಕದ್ದು. ಹೊಳೆನೀರು ತೆಂಗಿನಕಾಯಿ ಒಯ್ದ ಹಾಗೆ, ಚಂಡಮಾರುತವನ್ನು ಒಯ್ಯುವುದು ಸುತ್ತಲಿನ ಮೇಲುಗಾಳಿ. ಗಾಳಿ ಒಂದೇ ಕಡೆ ಬಲವಾಗಿದ್ದರೆ ಲೆಕ್ಕ ಸುಲಭ. ಎರಡು ಕಡೆಯಿಂದ ಎಳೆದಾಟವಾದರೆ ಫಜೀತಿ. 2019ರ ಜೂನಿನಲ್ಲಿ ‘ವಾಯು’ ವೆರಾವಲ್ ಹತ್ತಿರ ದಡ ಸೇರುತ್ತದೆಂದು ಗುಜರಾತಿನಲ್ಲಿ ಲಕ್ಷಾಂತರ ಜನರನ್ನು ಎಬ್ಬಿಸಿ ಸಾಗಿಸಿದರು. ಅದು ದಡದ ಬಳಿ ಬಂದು ಕಡಲಿಗೇ ತಿರುಗಿತು! 2023ರ ‘ಬಿಪರ್‌ಜಾಯ್’ ಹುಟ್ಟಿದಾಗ ಒಂದು ಮಾದರಿ ಒಮಾನಿನತ್ತ ತೋರಿಸಿದರೆ ಇನ್ನೊಂದು ಪಾಕಿಸ್ತಾನದತ್ತ. ದಡ ಸೇರಿದ್ದು ಜೂನ್ 15ಕ್ಕೆ, ಗುಜರಾತಿನ ಜಖೌ ಬಂದರಿನ ಬಳಿ.

ಹಾಗಂತ ಹವಾಮಾನದವರನ್ನು ಬೈಯುವುದು ನ್ಯಾಯವಲ್ಲ. ಒಂದು ದಿನ ಮುಂಚೆ ಹೇಳಿದ್ದರಲ್ಲಿ ಸರಾಸರಿ ವ್ಯತ್ಯಾಸ ಈಗ 100 ಕಿಲೋಮೀಟರಿಗೂ ಕಡಿಮೆ. ಮೂರು ದಿನ ಮುಂಚಿನದಾದರೆ 150ರ ಆಸುಪಾಸು. ಗೆರೆಯ ಸುತ್ತ ಅಗಲವಾಗುತ್ತ ಹೋಗುವ ಪಟ್ಟಿ ಇದೆಯಲ್ಲ, ಅದು ಈ ವ್ಯತ್ಯಾಸದ್ದೇ. ಕೇಂದ್ರ ಅದರೊಳಗೆ ಎಲ್ಲಿ ಬೇಕಾದರೂ ಹೋದೀತು. ನಾನು ನೋಡುವುದು ಅದನ್ನು.

ಆದರೆ ಪಟ್ಟಿ ಕೇಂದ್ರದ್ದು ಮಾತ್ರ, ಮಳೆಯದ್ದಲ್ಲ. 2021ರಲ್ಲಿ ‘ತೌಕ್ತೆ’ ಗುಜರಾತಿಗೆ ಅಪ್ಪಳಿಸಿದ್ದು ಮೇ 17ರ ರಾತ್ರಿ. ಅದಕ್ಕೂ ಎರಡು ದಿನ ಮೊದಲೇ, ಕೇಂದ್ರ ಕಡಲಲ್ಲಿರುವಾಗಲೇ, ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆ ಸುರಿಯಿತು, ಕಡಲು ಕೊರೆಯಿತು. ಹಾಗಾಗಿ ಅಂಗಳದಲ್ಲಿ ಅಡಿಕೆ ಇದ್ದರೆ ನಾನು ಕೇಳುವುದು ಜಿಲ್ಲೆಯ ಮಳೆ ಎಚ್ಚರಿಕೆ. ಕೇಂದ್ರ 300 ಕಿಲೋಮೀಟರ್ ದೂರ ಅಂದರೂ ಸರಿ, ಟಾರ್ಪಾಲು ಹೊದೆಸಿಯೇ ಮಲಗುವುದು.