ಇಪ್ಪತ್ತು ಸಲ ಬರೆದರೂ ನಿಲ್ಲದ ಪದ

ಅಂಬರನಾಥದ ಓದುಗರೊಬ್ಬರು ಕೇಳಿದ್ದಾರೆ: ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಹನ್ನೊಂದನೆಯ ಸೈನ್ಸ್‌ಗೆ ಸೇರಿದ್ದಾಳೆ. ಫೋಟೋಸಿಂಥೆಸಿಸ್, ವೆಲಾಸಿಟಿ ಇಂಥವೆಲ್ಲ ಹೇಗೋ ಬಂದುಬಿಟ್ಟವು. ಅವಳನ್ನು ಕಾಡುತ್ತಿರುವುದು ಪ್ರಶ್ನೆಪತ್ರಿಕೆಯ ಪದಗಳು: ಇನ್‌ಫರ್, ಜಸ್ಟಿಫೈ, ಡಿಸ್ಟಿಂಗ್ವಿಶ್, ಇವ್ಯಾಲ್ಯುಯೇಟ್. ಒಂದೊಂದನ್ನೂ ಇಪ್ಪತ್ತು ಸಲ ಬರೆಯುತ್ತಾಳೆ. ರಾತ್ರಿ ಕೇಳಿದರೆ ಥಟ್ಟನೆ ಅರ್ಥ ಹೇಳುತ್ತಾಳೆ, ಭಾನುವಾರ ಕೇಳಿದರೆ ಮುಖ ಮುಖ ನೋಡುತ್ತಾಳೆ. ಅವಳ ಜ್ಞಾಪಕಶಕ್ತಿಯೇ ಕಡಿಮೆಯೇ?

ಕಡಿಮೆಯೇನಲ್ಲ. ಕಲಿಯುವ ವಿಧಾನ ಸರಿಯಿಲ್ಲ, ಅಷ್ಟೆ. ಇಂಪೊಸಿಷನ್ ಬರೆದವರಿಗೆಲ್ಲ ಒಂದು ಕಳ್ಳದಾರಿ ಗೊತ್ತು. ಮೊದಲು ಪುಟದ ಉದ್ದಕ್ಕೂ ಇಪ್ಪತ್ತು 'ಐ' ಇಳಿಸುವುದು, ಪಕ್ಕದಲ್ಲಿ ಇಪ್ಪತ್ತು 'ಎನ್', ಅದರ ಪಕ್ಕ ಇಪ್ಪತ್ತು 'ಎಫ್'. ಪುಟ ತುಂಬುತ್ತದೆ, ಆದರೆ ಪದ ಒಮ್ಮೆಯೂ ಮನಸ್ಸಿನಲ್ಲಿ ಹಾದುಹೋಗಿರುವುದಿಲ್ಲ. ಪ್ರಾಮಾಣಿಕವಾಗಿ ಸಾಲುಸಾಲಾಗಿ ಬರೆಯುವ ಹುಡುಗಿಯ ಗತಿಯೂ ಹೆಚ್ಚು ಬೇರೆಯಲ್ಲ. ಮೂರನೆಯ ಸಾಲಿನಿಂದಾಚೆಗೆ ಪದ ಕಣ್ಣೆದುರೇ ಇರುತ್ತದೆ. ಕೈ ನಕಲು ಮಾಡುತ್ತಿರುತ್ತದೆ, ನೆನಪಿಗೆ ಕೆಲಸವೇ ಇಲ್ಲ.

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಮೊದಲು ಅಳತೆ ಹಾಕಿ ನೋಡಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಪ್ರಯೋಗಕ್ಕೆ ಕೂತವರು ಅವರೊಬ್ಬರೇ. ಅರ್ಥವಿಲ್ಲದ ಸುಮಾರು 2300 ಅಕ್ಷರಗುಚ್ಛಗಳನ್ನು ತಾವೇ ಹೊಸೆದು, ಗಡಿಯಾರದ ಟಿಕ್‌ಟಿಕ್‌ಗೆ ಸರಿಯಾಗಿ ಓದುತ್ತ, ಪಟ್ಟಿಯ ಮೇಲೆ ಪಟ್ಟಿ ಬಾಯಿಪಾಠ ಮಾಡಿದರು. ಎಷ್ಟೋ ಹೊತ್ತಿನ ನಂತರ ಅದೇ ಪಟ್ಟಿಯನ್ನು ಮತ್ತೆ ಕಲಿತು, ಎರಡನೆಯ ಸಲಕ್ಕೆ ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕ ಹಾಕಿದರು. 1885ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರಕಾರ 20 ನಿಮಿಷದ ನಂತರ ಉಳಿದದ್ದು ಶೇ. 58, ಒಂದು ಗಂಟೆಗೆ ಶೇ. 44, ಒಂದು ದಿನಕ್ಕೆ ಶೇ. 34, ಒಂದು ತಿಂಗಳಿಗೆ ಶೇ. 21. ಮರೆವು ಆರಂಭದಲ್ಲಿ ಧುಮ್ಮಿಕ್ಕುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಬ್ಬರೇ ಮಾಡಿಕೊಂಡ ಪ್ರಯೋಗವೆಂದು ತಳ್ಳಿಹಾಕುವಂತಿಲ್ಲ. 2015ರಲ್ಲಿ ಡಚ್ ಸಂಶೋಧಕರು ಅದನ್ನೇ ಮರಳಿ ಮಾಡಿದಾಗ ಹೆಚ್ಚುಕಡಿಮೆ ಅದೇ ಇಳಿಜಾರು ಕಂಡಿತು.

ಅದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ, ನನಗೆ ಅದೇ ಹೆಚ್ಚು ಪ್ರಿಯ. ಹನ್ನೆರಡು ಗುಚ್ಛಗಳ ಪಟ್ಟಿಯನ್ನು ಒಂದೇ ದಿನ ಕೂತು 68 ಸಲ ಓದಿದ್ದಕ್ಕೂ ಮೂರು ದಿನಕ್ಕೆ ಹಂಚಿ 38 ಸಲ ಓದಿದ್ದಕ್ಕೂ ಮರುದಿನ ಸಿಕ್ಕ ಲಾಭ ಹೆಚ್ಚುಕಡಿಮೆ ಒಂದೇ. ಹಂಚಿ ಓದಿದವನಿಗೆ ಮೂವತ್ತು ಓದು ಪುಕ್ಕಟೆ ಮಿಕ್ಕಿತು.

ಅಂಬರನಾಥದವರಿಗೆ ಇದನ್ನು ತಿಳಿಸಲು ಕಲ್ಯಾಣ್–ಬದ್ಲಾಪುರ ರಸ್ತೆಯ ಇಕ್ಕೆಲದಲ್ಲಿ ಏಳುತ್ತಿರುವ ಟವರುಗಳೇ ಸಾಕು. ಸ್ಲ್ಯಾಬ್ ಹಾಕಿದ ಮೇಲೆ ಅದರ ಮೇಲೆ ಗಾರೆಯಿಂದ ಸಣ್ಣ ಸಣ್ಣ ಕಟ್ಟೆ ಕಟ್ಟಿ, ಚೌಕ ಚೌಕವಾಗಿ ನೀರು ನಿಲ್ಲಿಸಿರುತ್ತಾರೆ. ಕಾಲಂಗಳಿಗೆ ಒದ್ದೆ ಗೋಣಿ ಸುತ್ತಿರುತ್ತಾರೆ. ಇದೇ ಕ್ಯೂರಿಂಗ್. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ನಾವಂದುಕೊಂಡಿರುತ್ತೇವೆ. ಅದು ಗಟ್ಟಿಯಾಗುವುದು ಸಿಮೆಂಟು ನೀರಿನೊಡನೆ ನಿಧಾನವಾಗಿ ಬೆರೆತು ಹರಳುಗಟ್ಟುವುದರಿಂದ. ಕನಿಷ್ಠ 7 ದಿನ ನೀರು ತೋರಿಸಬೇಕು, ಬಲ ಅಳೆಯುವುದು 28ನೆಯ ದಿನ. ಗುತ್ತಿಗೆದಾರ ಅವಸರಪಟ್ಟು ಮೊದಲ ದಿನವೇ ಹತ್ತು ಟ್ಯಾಂಕರ್ ಸುರಿದು ಆಮೇಲೆ ಅತ್ತ ತಲೆ ಹಾಕದಿದ್ದರೆ, ಹೆಚ್ಚಾದ ನೀರು ಗಟಾರಕ್ಕೆ ಹೋಗುತ್ತದೆಯೇ ಹೊರತು ಸ್ಲ್ಯಾಬಿಗೆ ಬಲ ಬರುವುದಿಲ್ಲ. ಇಪ್ಪತ್ತು ಸಲ ಬರೆಯುವುದು ಅಂಥ ಹತ್ತು ಟ್ಯಾಂಕರ್.

ಆದರೆ ಒಂದು ಕಡೆ ಈ ಹೋಲಿಕೆ ಕೈಕೊಡುತ್ತದೆ, ಆ ಜಾಗವೇ ಮುಖ್ಯ. ಸ್ಲ್ಯಾಬು ನಡುವೆ ಒಣಗಲೇಬಾರದು. ನೆನಪು ಸ್ವಲ್ಪ ಒಣಗಬೇಕು. ಪದ ಇನ್ನೇನು ಜಾರಿತು ಎನ್ನುವ ಹೊತ್ತಿಗೆ ತಿಣುಕಿ ಹೊರಗೆಳೆದರೆ ಅದು ಗಟ್ಟಿಯಾಗುತ್ತದೆ. ಹಸಿಯಾಗಿರುವಾಗಲೇ ಮತ್ತೆ ಮತ್ತೆ ನೋಡಿದರೆ ಗೊತ್ತಿದೆ ಎಂಬ ಭಾವನೆ ಮಾತ್ರ ಗಟ್ಟಿಯಾಗುತ್ತದೆ.

ಈ ಭಾವನೆ ಎಷ್ಟು ಮೋಸಗಾರ ಎಂಬುದನ್ನು 2008ರಲ್ಲಿ ಅಮೆರಿಕದ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ ತೋರಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕೊಟ್ಟರು. ಒಂದು ಗುಂಪಿಗೆ, ಪದ ಒಮ್ಮೆ ಬಾಯಿಗೆ ಬಂದ ಮೇಲೆ ಅದನ್ನು ಓದುವುದು ಬಂದ್, ಆದರೆ ಪರೀಕ್ಷೆ ಮುಂದುವರಿಯುತ್ತದೆ. ಇನ್ನೊಂದಕ್ಕೆ ಓದು ಮುಂದುವರಿಯುತ್ತದೆ, ಪರೀಕ್ಷೆ ಬಂದ್. ವಾರ ಕಳೆದ ಮೇಲೆ ನಿಮಗೆಷ್ಟು ನೆನಪಿರಬಹುದು ಎಂದು ಕೇಳಿದರೆ ಎರಡೂ ಗುಂಪಿನವರು ಸರಾಸರಿ ಅರ್ಧದಷ್ಟು ಎಂದರು. ವಾರದ ನಂತರ ನೋಡಿದರೆ ಪರೀಕ್ಷೆ ಎದುರಿಸುತ್ತಲೇ ಇದ್ದವರಿಗೆ ಸುಮಾರು ಶೇ. 80 ನೆನಪಿತ್ತು, ಓದುತ್ತಲೇ ಇದ್ದವರಿಗೆ ಶೇ. 36ರಷ್ಟು. ವ್ಯತ್ಯಾಸ ದುಪ್ಪಟ್ಟಿಗೂ ಹೆಚ್ಚು, ಆದರೂ ಕಲಿತವರಿಗೇ ಅದರ ಸುಳಿವಿರಲಿಲ್ಲ.

ಎಷ್ಟು ದಿನ ಬಿಟ್ಟು ಕೇಳಬೇಕು? ಇದಕ್ಕೆ ಉತ್ತರ ಹುಡುಕಲು ಒಂದು ಕುಟುಂಬವೇ ಕೂತಿತು. ಓಹಾಯೊದ ಮನೋವಿಜ್ಞಾನಿ ಹ್ಯಾರಿ ಬಾರಿಕ್, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಪ್ರತಿಯೊಬ್ಬರೂ 300 ಪರಭಾಷಾ ಪದಗಳಲ್ಲಿ ಕೆಲವನ್ನು 14 ದಿನಕ್ಕೊಮ್ಮೆ, ಕೆಲವನ್ನು 28ಕ್ಕೊಮ್ಮೆ, ಕೆಲವನ್ನು 56ಕ್ಕೊಮ್ಮೆ ಕಲಿತರು. ಆಮೇಲೆ ಐದು ವರ್ಷದವರೆಗೆ ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. 56 ದಿನಕ್ಕೊಮ್ಮೆ 13 ಸಲ ಕೂತದ್ದು, 14 ದಿನಕ್ಕೊಮ್ಮೆ 26 ಸಲ ಕೂತಷ್ಟೇ ಫಲ ಕೊಟ್ಟಿತು. 1993ರ ಆ ಪ್ರಬಂಧದ ಲೇಖಕರ ಸಾಲಿನಲ್ಲಿ ನಾಲ್ಕೂ ಹೆಸರು ಬಾರಿಕ್ ಎಂದೇ ಕೊನೆಯಾಗುತ್ತವೆ. ಹದಿನೈದು ವರ್ಷದ ನಂತರ ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು 1300ಕ್ಕೂ ಹೆಚ್ಚು ಜನರನ್ನು ಕೂರಿಸಿ ನೋಡಿದರು. ಪರೀಕ್ಷೆ 35 ದಿನ ದೂರವಿದ್ದರೆ 11 ದಿನ ಬಿಟ್ಟು ಮತ್ತೆ ನೋಡುವುದು ಲೇಸು. ಒಂದು ವರ್ಷದಷ್ಟು ದೂರವಿದ್ದರೆ ಮೂರು ವಾರದಷ್ಟು ಅಂತರ.

ಮುಂಬಯಿ ಕನ್ನಡಿಗರಿಗೆ ಈ ಪಾಠ ಪೂರ್ತಿ ಹೊಸದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆಗಳಲ್ಲಿ ಓದಿದ ಹುಡುಗರು ಹಗಲಿಡೀ ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು ರಾತ್ರಿ ಬೆಂಚಿಗೆ ಬರುತ್ತಿದ್ದರು. ಅವರ ಛಲದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವರ ವೇಳಾಪಟ್ಟಿಗೂ ಒಂದಿಷ್ಟು ಕೀರ್ತಿ ಸಲ್ಲಬೇಕೆಂದು ನನ್ನ ಅನಿಸಿಕೆ. ಒಂದೇ ಸಲಕ್ಕೆ ಆರು ತಾಸು ಉರು ಹೊಡೆಯಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಪಾಠ, ನಿದ್ದೆ, ಒಂದು ಹಗಲಿನ ದುಡಿಮೆ, ಮತ್ತೆ ಪಾಠ. ಅಂತರ ತಾನಾಗಿಯೇ ಬಿದ್ದುಬಿಡುತ್ತಿತ್ತು. ನಡುವಿನ ನಿದ್ದೆಯೂ ದಂಡವಲ್ಲ. ಹೊಸ ಪದ ಹಳೆಯ ಪದಗಳ ನೆಂಟಸ್ತಿಕೆಗೆ ಸೇರುವುದು ರಾತ್ರಿಯ ನಿದ್ದೆಯ ನಂತರವೇ ಎಂದು ನಿಕೊಲಸ್ ಡ್ಯುಮೇ ಮತ್ತು ಗ್ಯಾರೆತ್ ಗ್ಯಾಸ್ಕೆಲ್ 2007ರಲ್ಲಿ ತೋರಿಸಿದರು.

ಯಾವ ಪದ ಕಲಿಯಬೇಕೆಂಬುದಕ್ಕೆ ಡಿಕ್ಷನರಿಯನ್ನು ಎ-ಯಿಂದ ಹಿಡಿಯಬೇಕಿಲ್ಲ. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಪಠ್ಯ, ಪ್ರಬಂಧಗಳ 35 ಲಕ್ಷ ಪದಗಳನ್ನು ಜಾಲಾಡಿ 2000ದಲ್ಲಿ 570 ಪದಕುಟುಂಬಗಳ ಪಟ್ಟಿ ಕೊಟ್ಟರು. ವಿಷಯ ಯಾವುದಿದ್ದರೂ, ಓದಿನ ಪುಸ್ತಕದ ಸುಮಾರು ಹತ್ತರಲ್ಲಿ ಒಂದು ಭಾಗ ಈ ಪದಗಳೇ. ಇನ್‌ಫರ್, ಜಸ್ಟಿಫೈ, ಇವ್ಯಾಲ್ಯುಯೇಟ್ ಮೂರೂ ಅದರಲ್ಲಿವೆ.

ವಾಟ್ಸಾಪಿನಲ್ಲಿ ಓಡಾಡುವ ತ್ರಿಕೋನವನ್ನು ಮಾತ್ರ ನಂಬಬೇಡಿ. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20 ಉಳಿಯುತ್ತದೆ ಎನ್ನುವ ಆ ಚಿತ್ರಕ್ಕೆ ಪ್ರಯೋಗದ ಆಧಾರವಿಲ್ಲ. ಎಡ್ಗರ್ ಡೇಲ್ 1946ರಲ್ಲಿ ಬರೆದ ಮೂಲಚಿತ್ರದಲ್ಲಿ ಅಂಕಿಗಳೇ ಇರಲಿಲ್ಲ, ಆಮೇಲೆ ಯಾರೋ ಅಂಟಿಸಿದರು. ತಿಂಗಳಲ್ಲಿ ಮೂರು ಸಾವಿರ ಪದ ಎನ್ನುವ ಜಾಹೀರಾತೂ ಅದೇ ಜಾತಿಯದು.

ಪದ ಕಲಿಯಲು ಬೇಕಾದದ್ದು ಒಂದು ಚಪ್ಪಲಿ ಡಬ್ಬಿ, ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ ಬರೆದ ಒಂದಿಷ್ಟು ಕಾರ್ಡು. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಈ ಡಬ್ಬಿಯ ವಿಧಾನವನ್ನು ಜನಪ್ರಿಯಗೊಳಿಸಿದರು. ಡಬ್ಬಿಯಲ್ಲಿ ಐದು ಖಾನೆ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಮುಂದುಮುಂದಿನ ಖಾನೆಗಳನ್ನು ತೆರೆಯುವ ಅಂತರ ದಿನ, ವಾರ, ತಿಂಗಳು ಎಂದು ಹಿಗ್ಗುತ್ತ ಹೋಗುತ್ತದೆ. ಪುಕ್ಕಟೆ ಸಿಗುವ ಆಂಕಿ ಆ್ಯಪ್ ಮಾಡುವುದೂ ಇದನ್ನೇ, ತಾರೀಕು ನೆನಪಿಡುವ ಕಷ್ಟ ಅದಕ್ಕೆ.

ಕಾಲೇಜು ಠಾಣೆಯಲ್ಲಿದ್ದರೆ ಲೋಕಲ್ಲೇ ಒಳ್ಳೆಯ ತರಗತಿ. ಅಂಬರನಾಥದಲ್ಲಿ ಹತ್ತುವಾಗ ಎಂಟು ಕಾರ್ಡು ಒಮ್ಮೆ ನೋಡಿ ಜೇಬಿಗೆ ಹಾಕುವುದು. ಕಲ್ಯಾಣ್ ಬಂದಾಗ ನೋಡದೆ ನೆನೆಯುವುದು, ಡೊಂಬಿವಲಿ, ದಿವಾ ದಾಟುವಾಗ ಮತ್ತೊಮ್ಮೆ. ಬಾರದಿದ್ದರೆ ಐದಾರು ಸೆಕೆಂಡು ತಿಣುಕಿ, ಆಮೇಲಷ್ಟೇ ಕಾರ್ಡು ತಿರುಗಿಸಬೇಕು. ಮರುದಿನ ಅದೇ ಎಂಟು, ಆಮೇಲೆ ವಾರಕ್ಕೆ, ಆಮೇಲೆ ಮೂರು ವಾರಕ್ಕೆ. ಹಿಂಬದಿಯಲ್ಲಿ ಕನ್ನಡ ಅರ್ಥದ ಜೊತೆ ಅವಳದೇ ಪಠ್ಯಪುಸ್ತಕದ ಒಂದು ವಾಕ್ಯವಿರಲಿ.

ಕಾರ್ಡಿನಿಂದ ಬರುವುದು ಅರ್ಥ ಮಾತ್ರ, ಪ್ರಯೋಗ ಬರುವುದಿಲ್ಲ. ಹೀಗಾಗಿ ಕೊನೆಯ ಖಾನೆ ತಲುಪಿದ ಪದಕ್ಕೆ ಕಾರ್ಡು ಬದಲಿಸಿ, ಹಳೆಯ ಪ್ರಶ್ನೆಪತ್ರಿಕೆಯಿಂದ ಆ ಪದವಿರುವ ಪ್ರಶ್ನೆಯನ್ನೇ ಬರೆದಿಡಿ. ಗ್ರಾಫ್ ನೋಡಿ ಅದರಿಂದ ಏನು ತಿಳಿಯುತ್ತದೆಂದು ಎರಡು ಸಾಲು ಇಂಗ್ಲಿಷಿನಲ್ಲಿ ಬರೆದರೆ ಇನ್‌ಫರ್ ಬಂತು ಎಂದು ಲೆಕ್ಕ. ಬರೆಯಲು ಬಾರದಿದ್ದರೆ ಆ ಕಾರ್ಡೂ ಮೊದಲ ಖಾನೆಗೆ.