ಮೆಣಸಿನ ಉರಿಗೊಂದು ಲೆಕ್ಕ

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ‘ಮೆಣಸಿನ ರಾಣಿ’ ಎಂದು ಕರೆದರೆಂಬುದನ್ನು ಹೊನ್ನಾವರ, ಭಟ್ಕಳ, ಕುಮಟೆಗಳ ಸೀಮೆಯವರೆಲ್ಲರೂ ಬಲ್ಲರು. ಅಘನಾಶಿನಿಯ ಕಣಿವೆಯ ಅಡಿಕೆಮರಗಳಿಗೆ ಹಬ್ಬುವ ಆ ಒಳ್ಳೆಮೆಣಸು ನಾಲಗೆಯಲ್ಲಿ ಉರಿಯನ್ನು ಹುಟ್ಟಿಸುವುದು ಹೇಗೆ, ಆ ಉರಿಗೆ ಲೆಕ್ಕವುಂಟೆ ಎಂಬುದನ್ನು ಇಲ್ಲಿ ವಿಚಾರಿಸುವೆವು.

ನೋವನ್ನರಿಯುವ ನರಗಳ ಜೀವಕಣಗಳ ಹೊದಿಕೆಯಲ್ಲಿ ಅತಿಸೂಕ್ಷ್ಮವಾದ ಬಾಗಿಲುಗಳುಂಟು. ಇವಕ್ಕೆ ಗ್ರಾಹಕಗಳೆಂದು ಹೆಸರು. ಮೆಣಸಿನ ಪೈಪರೀನ್ ಎಂಬ ದ್ರವ್ಯದ ಅಣುಗಳು ಬಂದು ಕುಳಿತೊಡನೆ ಬಾಗಿಲು ತೆರೆದು, ಕ್ಯಾಲ್ಸಿಯಂ ಒಳನುಗ್ಗಿ, ನರವು ಮೆದುಳಿಗೆ ಸುದ್ದಿಯನ್ನು ಕಳುಹಿಸುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ತೆರೆಯುವುದು ಇದೇ ಬಾಗಿಲು. ಖಾರ ತಿಂದಾಗ ಬಾಯಿ ಸುಟ್ಟಂತಾಗುವ ಕಾರಣವಿದೇ. ಇದನ್ನು 1997ರಲ್ಲಿ ಅಮೇರಿಕೆಯ ಡೇವಿಡ್ ಜೂಲಿಯಸರು ಮತ್ತು ಅವರ ಸಂಗಡಿಗರು ಕೆಂಪುಮೆಣಸಿನ ಸತ್ವದ ಸಹಾಯದಿಂದ ಕಂಡುಹಿಡಿದರು. 2021ರಲ್ಲಿ ಜೂಲಿಯಸರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. (ಒಳ್ಳೆಮೆಣಸನ್ನು ಕೊಳ್ಳಬಂದ ಪೋರ್ತುಗೀಸರೇ ಕೆಂಪುಮೆಣಸನ್ನು ನಮಗೆ ತಂದುಕೊಟ್ಟವರು!)

ಇನ್ನು ಲೆಕ್ಕ. ಜಾತ್ರೆಯ ದಿನ ಛತ್ರದಲ್ಲಿ 100 ಮಣೆಗಳಿವೆಯೆನ್ನಿರಿ. ಬರುವವರು ಬರಿದಾದ ಮಣೆಗಳಲ್ಲಿ ಮಾತ್ರ ಕೂಡ್ರಬಲ್ಲರು; ಕುಳಿತವರಲ್ಲಿ ಇಂತಿಷ್ಟು ಪಾಲು ಜನರು ನಿಮಿಷ ನಿಮಿಷಕ್ಕೂ ಏಳುವರು. ಏಳುವವರೂ ಕೂಡ್ರುವವರೂ ಸಮವಾದಾಗ ಪಂಕ್ತಿ ಸ್ಥಿರವಾಗುತ್ತದೆ. ಯಾವ ಜನಸಂದಣಿಯಲ್ಲಿ 50 ಮಣೆಗಳು ತುಂಬುವವೋ ಅದರ ಇಮ್ಮಡಿಗೆ 67, ಮೂರು ಪಟ್ಟಿಗೆ 75, ಒಂಬತ್ತು ಪಟ್ಟಿಗೆ 90 ತುಂಬುವವು. ಮಣೆಗಳು ಗ್ರಾಹಕಗಳು, ಜನರು ಅಣುಗಳು. ಸಾರಿಗೆ ಇಮ್ಮಡಿ ಮೆಣಸು ಹಾಕಿದರೆ ಉರಿಯು ಇಮ್ಮಡಿಯಾಗಲೇಬೇಕೆಂದಿಲ್ಲವೆಂಬುದು ಇದರಿಂದ ತಿಳಿಯುವದು. ಆಂಗ್ಲ ವಿದ್ವಾಂಸ ಎ. ವಿ. ಹಿಲ್ಲರು ಕಪ್ಪೆಯ ಸ್ನಾಯುವಿನ ಮೇಲೆ ನಿಕೊಟಿನ್ ಪ್ರಯೋಗಿಸಿ 1909ರಲ್ಲಿಯೇ ಇಂಥ ಸಮೀಕರಣವನ್ನು ಬರೆದಿದ್ದರು. ಆದರೆ ಮೆಣಸಿನ ಬಾಗಿಲು ನಾಲ್ಕು ತುಂಡುಗಳಿಂದ ಕೂಡಿದ್ದು, ಒಂದೇ ಅಣುವಿನಿಂದ ಚೆನ್ನಾಗಿ ತೆರೆಯದು. ಆದುದರಿಂದ ಉರಿಯು ಮೊದಲು ಮೆಲ್ಲಗೂ ಆಮೇಲೆ ಭರದಿಂದಲೂ ಏರುತ್ತದೆ.

ಮತ್ತೊಂದು ಸ್ವಾರಸ್ಯವುಂಟು. ಒಳಹೊಕ್ಕ ಕ್ಯಾಲ್ಸಿಯಮ್ಮೇ ಬಾಗಿಲನ್ನು ಬಿಗಿಗೊಳಿಸುತ್ತದೆ. ತೆರೆದ ಬಾಗಿಲುಗಳೆಷ್ಟು, ಒಳಗಿನ ಕ್ಯಾಲ್ಸಿಯಂ ಎಷ್ಟು ಎಂಬ ಎರಡು ಸಮೀಕರಣಗಳು ಒಂದನ್ನೊಂದು ಹಿಡಿದು ನಡೆಯುವವು. ಇವನ್ನು ಕ್ಷಣಕ್ಷಣಕ್ಕೂ ಗಣಕಯಂತ್ರದಲ್ಲಿ ಬಿಡಿಸುತ್ತಾರೆ.

ಇದು ಬರಿಯ ಅಡಿಗೆಮನೆಯ ಕುತೂಹಲವಲ್ಲ. ಈ ಬಾಗಿಲನ್ನು ಮುಚ್ಚಿದರೆ ತೀವ್ರ ನೋವನ್ನು ನಿಲ್ಲಿಸಬಹುದೆಂದು ಔಷಧಗಳನ್ನು ರಚಿಸಿದರು. ಆದರೆ 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂಥದೊಂದು ಔಷಧವನ್ನು ಸೇವಿಸಿದವರಿಗೆ ಮೈಶಾಖ ಏರಿತು. ಆ ಬಾಗಿಲು ದೇಹದ ಬಿಸಿಯನ್ನು ಹದದಲ್ಲಿಡುವ ಕೆಲಸದಲ್ಲಿಯೂ ಪಾಲುಗೊಳ್ಳುತ್ತದೆ. ಒಂದೇ ಕಣದ ಲೆಕ್ಕದಲ್ಲಿ ಇದು ಕಾಣುವಂತಿರಲಿಲ್ಲ. ಆದಕಾರಣ ಈಗಿನ ಗಣಿತಜ್ಞರು ನರ, ರಕ್ತ, ಮೈಶಾಖಗಳನ್ನೂ ಸಮೀಕರಣಗಳೊಳಗೆ ತರಲು ಯತ್ನಿಸುತ್ತಿದ್ದಾರೆ.