ಲೆಕ್ಕ ಒಪ್ಪಿಸುವ ಓದು

ಕ್ರಿ.ಶ. 270ರ ಸುಮಾರು. ಈಜಿಪ್ಟಿನ ಹಳ್ಳಿಯೊಂದರಲ್ಲಿ ಅಂತೋನಿ ಎಂಬ ಯುವಕ ಚರ್ಚಿನ ಒಳಗೆ ಕಾಲಿಟ್ಟಾಗ ಸುವಾರ್ತೆಯ ಪಾಠ ನಡೆದಿತ್ತು. ತಂದೆತಾಯಿ ತೀರಿಕೊಂಡು ಆರು ತಿಂಗಳಾಗಿತ್ತು. ಮನೆಯಲ್ಲಿ ಪುಟ್ಟ ತಂಗಿ, ಊರಲ್ಲಿ ಸುಮಾರು 200 ಎಕರೆ ಫಲವತ್ತಾದ ಹೊಲ. ಆಸ್ತಿ ಮಾರಿ ಬಡವರಿಗೆ ಕೊಟ್ಟು ತನ್ನ ಹಿಂದೆ ಬಾ ಎಂದು ಯೇಸು ಶ್ರೀಮಂತ ಯುವಕನೊಬ್ಬನಿಗೆ ಹೇಳುವ ಪ್ರಸಂಗ ಅಂದಿನ ಪಾಠ. ಮತ್ತಾಯನ ಸುವಾರ್ತೆಯ ಆ ಯುವಕ ಮುಖ ಬಾಡಿಸಿಕೊಂಡು ಹೊರಟುಹೋದ. ಅಂತೋನಿ ಮಾತ್ರ ಚರ್ಚಿನಿಂದ ಬಂದವನೇ ಹೊಲವನ್ನೆಲ್ಲ ಊರವರಿಗೆ ಬಿಟ್ಟುಕೊಟ್ಟ.

(ಮೈಸೂರು ಸೀಮೆಯ ಡೋರ್ನಹಳ್ಳಿಗೆ ಜನ ಹರಕೆ ಹೊತ್ತು ಹೋಗುವುದು ಪದುವಾದ ಅಂತೋನಿಯ ಬಳಿಗೆ. ಈಜಿಪ್ಟಿನ ಈ ಅಂತೋನಿ ಆತನಿಗಿಂತ ಒಂಬೈನೂರು ವರ್ಷ ಹಿಂದಿನವನು.)

ಆ ಪಾಠ ಅಲ್ಲಿದ್ದ ಎಲ್ಲರ ಕಿವಿಗೂ ಬಿದ್ದಿತ್ತು. ತನ್ನನ್ನೇ ಹೆಸರು ಹಿಡಿದು ಕರೆದಂತೆ ಕೇಳಿಸಿದ್ದು ಇವನಿಗೆ. ವಾಕ್ಯ ಕೇಳಿ ಸುಮ್ಮನಿರುವವನನ್ನು ಯಾಕೋಬನ ಪತ್ರವು ಕನ್ನಡಿಯಲ್ಲಿ ಮುಖ ನೋಡಿ, ಆಚೆ ಹೋದೊಡನೆ ಮರೆಯುವವನಿಗೆ ಹೋಲಿಸುತ್ತದೆ. ಮುಂದೆ ಮರುಭೂಮಿಯಲ್ಲಿ ಸನ್ಯಾಸಿಯಾಗಿ ನೆಲೆಸಿದ ಅಂತೋನಿ ಶಿಷ್ಯರಿಗೆ ಒಂದು ಉಪಾಯ ಹೇಳಿಕೊಟ್ಟ: ದಿನದ ನಡತೆ, ಮನಸ್ಸಿನ ಚಾಂಚಲ್ಯ ಎಲ್ಲವನ್ನೂ ಇನ್ನೊಬ್ಬರಿಗೆ ಒಪ್ಪಿಸುವವರಂತೆ ಬರೆದಿಡಿ, ಯಾರಾದರೂ ಓದಿಯಾರೆಂಬ ನಾಚಿಕೆಯೇ ನಿಮ್ಮನ್ನು ತಡೆಯುತ್ತದೆ.

ಅಂತೋನಿಯ ಚರಿತ್ರೆಯನ್ನು ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಬರೆದ. ಆ ಕಥೆ 386ರಲ್ಲಿ ಇಟಲಿಯ ಮಿಲಾನ್ ತಲುಪಿ, ಅಗಸ್ಟೀನ್ ಎಂಬ ವಾಕ್ಪಟು ಅಧ್ಯಾಪಕನ ನಿದ್ದೆಗೆಡಿಸಿತು. ವಯಸ್ಸು 31. ಬೈಬಲ್ ಸತ್ಯವೆಂದು ಬುದ್ಧಿ ಒಪ್ಪಿತ್ತು, ಬದುಕು ಒಪ್ಪಿರಲಿಲ್ಲ. ಶುದ್ಧನಾಗಿಸು, ಆದರೆ ಈಗಲೇ ಬೇಡ ಎಂದು ಹರೆಯದಲ್ಲಿ ಪ್ರಾರ್ಥಿಸಿದ್ದವನು ಅವನು. ತೋಟದ ಅಂಜೂರದ ಮರದಡಿ ಅಳುತ್ತಿದ್ದಾಗ ನೆರೆಮನೆಯಿಂದ ಮಗುವಿನ ದನಿ ಕೇಳಿಬಂತು. ಎತ್ತಿಕೊಂಡು ಓದು ಎಂದು ಹಾಡಿನಂತೆ ಮತ್ತೆ ಮತ್ತೆ. ಪೌಲನ ಪತ್ರಗಳ ಪುಸ್ತಕ ತೆರೆದ. ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯ: ಕುಡಿತ, ಕಾಮ, ಜಗಳ ಬಿಟ್ಟು ಕ್ರಿಸ್ತನನ್ನು ತೊಟ್ಟುಕೊಳ್ಳುವ ಮಾತು. ಜೊತೆಗಿದ್ದ ಗೆಳೆಯ ಅಲಿಪಿಯಸ್ ಅದರ ಮುಂದಿನ ಸಾಲಿಗೆ ಕಣ್ಣುಹಾಯಿಸಿದ. ನಂಬಿಕೆಯಲ್ಲಿ ಬಲಹೀನನಾದವನನ್ನು ಸೇರಿಸಿಕೊಳ್ಳಿರೆಂಬ ಆ ಮಾತು ತನಗೇ ಎಂದುಕೊಂಡ. ಪುಸ್ತಕ ಒಂದೇ, ಒಬ್ಬೊಬ್ಬನಿಗೆ ನಾಟಿದ ಸಾಲು ಬೇರೆ. ಮುಂದಿನ ವರ್ಷ ಈಸ್ಟರ್‌ನಲ್ಲಿ ಇಬ್ಬರೂ ಬಿಷಪ್ ಆಂಬ್ರೋಸ್‌ನಿಂದ ದೀಕ್ಷಾಸ್ನಾನ ಪಡೆದರು.

ಹತ್ತು ವರ್ಷಗಳ ಬಳಿಕ, ತಾನೇ ಬಿಷಪ್ಪನಾದ ಮೇಲೆ, ಅಗಸ್ಟೀನ್ ತನ್ನ ತಪ್ಪುಗಳನ್ನು ದೇವರ ಮುಂದೆ, ಓದುಗರ ಕಣ್ಣೆದುರು ಹರಡಿಟ್ಟ. ಹದಿನಾರರಲ್ಲಿ ಕದ್ದು ಹಂದಿಗಳಿಗೆ ಎಸೆದ ಪಿಯರ್ ಹಣ್ಣುಗಳ ಲೆಕ್ಕವೂ ‘ಕನ್ಫೆಷನ್ಸ್’ನಲ್ಲಿದೆ. ಆದರೆ ವರ್ಷಗಟ್ಟಲೆ ಜೊತೆಗೆ ಬಾಳಿ, ಮಗನನ್ನು ಹೆತ್ತು, ಕೊನೆಗೆ ಒಬ್ಬಳೇ ಆಫ್ರಿಕಾಕ್ಕೆ ಮರಳಬೇಕಾದ ಹೆಂಗಸಿನ ಹೆಸರು ಆ ಪುಸ್ತಕದಲ್ಲಿಲ್ಲ. ಅವಳ ಅಗಲಿಕೆಯ ನೋವನ್ನು ಬಚ್ಚಿಡದೆ ಬರೆದವನ ಲೆಕ್ಕದಲ್ಲೂ ಅದು ದೊಡ್ಡ ಬಾಕಿಯೇ.

430ರಲ್ಲಿ ವಾಂಡಲರ ಸೈನ್ಯ ಅವನು ಬಿಷಪ್ಪನಾಗಿದ್ದ ಹಿಪ್ಪೊ ನಗರವನ್ನು ಮುತ್ತಿತ್ತು. ಒಳಗೆ 75ರ ಅಗಸ್ಟೀನ್ ಜ್ವರದಿಂದ ಮಲಗಿದ್ದ. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಹಾಳೆಗಳಲ್ಲಿ ಬರೆಸಿ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದನೆಂದು ಶಿಷ್ಯ ಪೊಸಿಡಿಯಸ್ ದಾಖಲಿಸಿದ್ದಾನೆ. ಕೊನೆಯ ಹತ್ತು ದಿನ ವೈದ್ಯರು ಬರುವ ಹೊತ್ತು, ಊಟ ತರುವ ಹೊತ್ತು ಬಿಟ್ಟರೆ ಯಾರೂ ಒಳಗೆ ಬರಬಾರದೆಂದು ಕೇಳಿಕೊಂಡು, ಮಲಗಿದಲ್ಲಿಂದಲೇ ಅವನ್ನು ಓದುತ್ತಾ ಅಳುತ್ತಿದ್ದ.